ಕೂಡಿಸುವ ಮುನ್ನ ಕ್ಷೇತ್ರ ನೋಡಿ

ನಮ್ಮ ರಾಜ್ಯದ ಪದವಿಪೂರ್ವ ತರಗತಿಗಳಿಗೆ ಎನ್‌ಸಿಇಆರ್‌ಟಿಯ ಗಣಿತ ಪುಸ್ತಕ ಬಂದದ್ದು 2012ರಲ್ಲಿ. ಹನ್ನೊಂದನೆಯ ತರಗತಿಯ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ವಾಸ್ತವ ಫಲನಗಳ ಬೀಜಗಣಿತವಿದೆ. ಅಲ್ಲಿನ ಒಂದು ಉದಾಹರಣೆ ನಿಮಗೆ ಪರಿಚಿತ: √ಯ ಮತ್ತು ಯ ಎಂಬ ಫಲನಗಳನ್ನು ಕೂಡಿಸಿ, ಕಳೆದು, ಗುಣಿಸಿ, ಭಾಗಿಸಬೇಕು. ಎರಡಕ್ಕೂ ಋಣವಲ್ಲದ ವಾಸ್ತವ ಸಂಖ್ಯೆಗಳೇ ಕ್ಷೇತ್ರವೆಂದು ಪುಸ್ತಕವೇ ಹೇಳಿಬಿಡುತ್ತದೆ. ಭಾಗಾಕಾರಕ್ಕೆ ಮಾತ್ರ ‘ಯ ಸೊನ್ನೆಯಲ್ಲ’ ಎಂಬ ನಿಬಂಧನೆ ಸೇರುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಬೇರೆ. ವ್ಯಾಖ್ಯೆಯಲ್ಲೇ ಎರಡು ಫಲನಗಳಿಗೂ ಒಂದೇ ಕ್ಷೇತ್ರ ಕೊಟ್ಟುಬಿಟ್ಟರೆ, ಬೇರೆ ಬೇರೆ ಕ್ಷೇತ್ರಗಳಿಗೆ ಸಾಮಾನ್ಯವಾದ ಭಾಗವನ್ನು ಹುಡುಕುವ ಕೆಲಸ ವಿದ್ಯಾರ್ಥಿಗೆ ಉಳಿಯುವುದೇ ಇಲ್ಲ. ಕಷ್ಟವಿರುವುದು ಅಲ್ಲಿಯೇ!

√(ಯ−2) ಮತ್ತು √(ಯ−5) ಇವುಗಳನ್ನು ಗುಣಿಸಿ ಎಂದರೆ, ಸುಂಕದಕಟ್ಟೆಯ ನಮ್ಮ ಮನೆಗೆ ಲೆಕ್ಕ ಕೇಳಲು ಬರುವ ಮಕ್ಕಳು ತಡವರಿಸದೆ √[(ಯ−2)(ಯ−5)] ಎಂದು ಬರೆಯುತ್ತಾರೆ. ಯ = 0 ಎಂದಿಟ್ಟು ನೋಡಿ. ಒಂದೇ ಮೂಲಚಿಹ್ನೆಯಡಿ √10 ಸಿಗುತ್ತದೆ. ಆದರೆ ಮೊದಲಿನ √(−2), √(−5) ವಾಸ್ತವ ಸಂಖ್ಯೆಗಳೇ ಅಲ್ಲ. ಗುಣಲಬ್ಧದ ಕ್ಷೇತ್ರ ಯ ≥ 5 ಮಾತ್ರ.

ಭಿನ್ನರಾಶಿಯದು ಇನ್ನೂ ನವಿರಾದ ಮೋಸ. √(ಯ−2) ಅನ್ನು 1/(ಯ−5) ರಿಂದ ಭಾಗಿಸಿದರೆ (ಯ−5)√(ಯ−2) ಬರುತ್ತದೆ. ಛೇದವೇ ಮಾಯ! ಯ = 5 ಇಟ್ಟರೆ ಸೊನ್ನೆ ಎಂಬ ಸಭ್ಯ ಉತ್ತರವೂ ಸಿಗುತ್ತದೆ. ಆದರೆ 5ರಲ್ಲಿ ಭಾಜಕಕ್ಕೇ ಬೆಲೆಯಿಲ್ಲ. ಆದ್ದರಿಂದ ಸಂಕ್ಷೇಪಿಸಿದ ಮೇಲೂ ‘ಯ ≥ 2, ಯ ≠ 5’ ಎಂದು ಬರೆಯಲೇಬೇಕು.

ಭೌತವಿಜ್ಞಾನದವನಾದ ನನಗೆ ಇದು ಬರಿಯ ಶಿಸ್ತಿನ ಮಾತಲ್ಲ. ವಿಶೇಷ ಸಾಪೇಕ್ಷತೆಯ 1/√(1−ವ²/ಬ²) ಅನ್ನು ನೋಡಿ. ವ ಕಾಯದ ವೇಗ, ಬ ಬೆಳಕಿನ ವೇಗ. ಬೆಳಕನ್ನು ಮೀರುವ ವೇಗವನ್ನು ವರ್ಗಮೂಲ ತಡೆಯುತ್ತದೆ, ಬೆಳಕಿಗೆ ಸಮನಾದ ವೇಗವನ್ನು ಛೇದ ತಡೆಯುತ್ತದೆ.

ಈ ಎರಡು ತಡೆಗಳು ನಮ್ಮ ನಾಡಿಗೆ ಹೊಸವಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಇದು ಇಂದಿಗೂ ಸರಿ. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದು ಎಂದೂ ಅವನೇ ಹೇಳಿದ. ವರ್ಗಮೂಲದಲ್ಲಿ ಅಷ್ಟು ಎಚ್ಚರವಿದ್ದವನು ಛೇದದಲ್ಲಿ ಎಡವಿದ.

ಶಿಕ್ಷಕ ಮಿತ್ರರೇ, ಪುಸ್ತಕದ ಉದಾಹರಣೆ ಮುಗಿದ ಮೇಲೆ 1/√(ಯ−2) ಮತ್ತು √(5−ಯ) ಇವುಗಳ ಮೊತ್ತವನ್ನು ಕೊಡಿ. ಮೊದಲು ಕ್ಷೇತ್ರ ಬರೆಯಿಸಿ, ಆಮೇಲೆ ಕೂಡಿಸಲಿ. 2 ಏಕೆ ಸೇರದು, 5 ಏಕೆ ಸೇರುತ್ತದೆ ಎಂಬುದಕ್ಕೂ ಅಂಕವಿರಲಿ.