ಏಕೀಕರಣದ ಆಟ: ರಸಿಕರಿಗೊಂದು ಕೈಪಿಡಿ

ಇತಿಹಾಸವನ್ನು ಆಧರಿಸಿದ ರಾಜ್ಯತಂತ್ರದ ಗೇಮುಗಳಿಗೆ ನಮ್ಮಲ್ಲಿಯೂ ಆಟಗಾರರು ದೊರೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರಲ್ಲಿ ಬಹುಮಂದಿ ಭೂಪಟಕ್ಕೆ ಬಣ್ಣ ಬಳಿಯುವುದನ್ನೇ ಪುರುಷಾರ್ಥವೆಂದು ಬಗೆದು, ಪ್ರಷ್ಯವನ್ನು ಕೈಗೆತ್ತಿಕೊಂಡ ಗಳಿಗೆಯಿಂದ ಕಂಡಕಂಡ ಸಂಸ್ಥಾನದ ಮೇಲೆ ದಂಡೆತ್ತಿ ಹೋಗಿ, ಜರ್ಮನಿಯನ್ನು ಕಟ್ಟಿ ಮುಗಿಸಿದೆವೆಂದು ಯೂಟ್ಯೂಬಿನಲ್ಲಿ ಜಯಭೇರಿ ಹೊಡೆಯುವುದನ್ನು ಕಂಡಾಗ, ‘ವಿಕ್ಟೋರಿಯ 2’ ಎಂಬ ಕೃತಿಯನ್ನು 2010ರಲ್ಲಿ ಲೋಕದ ಮುಂದಿಟ್ಟ ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆಯ ಶಿಲ್ಪಿಗಳ ಶ್ರಮಕ್ಕಾಗಿ ನನಗೆ ಮರುಕವುಂಟಾಗುತ್ತದೆ.

ಸೇನೆಯನ್ನು ನಡೆಸುವ ಬಗೆ, ತೆರಿಗೆಯ ಏರಿಳಿತ ಮೊದಲಾದುವನ್ನು ಇಲ್ಲಿ ವಿವರಿಸಲಾರೆ. ಅವು ಯಾರಿಗೂ ತಿಳಿಯದ ವಿದ್ಯೆಯಲ್ಲ. ರಸಿಕನಾಗಬಯಸುವವನು ನೋಡತಕ್ಕುದು ಪ್ರಭಾವವಲಯವನ್ನು. ಪ್ರತಿಷ್ಠೆ, ಕೈಗಾರಿಕೆ, ಸೈನ್ಯ ಈ ಮೂರರ ಬಲದಿಂದ ಮೊದಲ ಎಂಟರೊಳಗೆ ನಿಂತ ಮಹಾಶಕ್ತಿಗಳಿಗೆ ಮಾತ್ರ ಇತರ ಸಂಸ್ಥಾನಗಳನ್ನು ತಮ್ಮ ವಲಯಕ್ಕೆ ಸೆಳೆಯುವ ಅಧಿಕಾರವುಂಟು. ಎಂಟರಿಂದ ಜಾರಿದವನ ವಲಯವೂ ಕರಗಿಹೋಗುವುದು. ಆಟ ಆರಂಭವಾಗುವುದು 1836ರಲ್ಲಿ. ಆಸ್ಟ್ರಿಯವನ್ನು ಹೊರಗಿಟ್ಟು ಪ್ರಷ್ಯ ಕಟ್ಟಿದ ಸುಂಕದ ಒಕ್ಕೂಟಕ್ಕೆ ಆಗ ಎರಡು ವರ್ಷವಷ್ಟೆ. ವಲಯಕ್ಕೆ ಸೇರಿದ ಸಂಸ್ಥಾನದ ಮಾರುಕಟ್ಟೆ ನಾಯಕನ ಮಾರುಕಟ್ಟೆಯೊಡನೆ ಬೆರೆಯುವುದೆಂಬ ಆಟದ ನಿಯಮದಲ್ಲಿ ಆ ಒಕ್ಕೂಟದ ನೆರಳೇ ಬಿದ್ದಿದೆ. ಕಲ್ಲಿದ್ದಲು, ಕಬ್ಬಿಣ, ದವಸಗಳು ಒಂದೇ ಪೇಟೆಯಲ್ಲಿ ಓಡಾಡತೊಡಗಿದ ಬಳಿಕ ಧ್ವಜವೂ ಒಂದಾಗುವುದಕ್ಕೆ ಉಳಿಯುವ ಕೆಲಸ ಅಲ್ಪ.

ನನಗೆ ಈ ರಸದ ಅರಿವು ಮೂಡಿದುದು ಹ್ಯಾನೋವರೆಂಬ ಜರ್ಮನ್ ಸಂಸ್ಥಾನದಿಂದ. ಮಿತ್ರನೊಬ್ಬನ ಮನೆಯಲ್ಲಿ, ಮಳೆಗಾಲದ ರಾತ್ರಿ, ಅವನು ಪ್ರಷ್ಯವನ್ನು ಹಿಡಿದು ಆಡುತ್ತಿದ್ದ ಆಟವನ್ನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಹ್ಯಾನೋವರಿನ ಪುಟದಲ್ಲಿ ಪ್ರಷ್ಯದ ಹೆಸರೂ ಆಸ್ಟ್ರಿಯದ ಹೆಸರೂ ಒಂದರ ಕೆಳಗೊಂದಿದ್ದು, ಎದುರಿನ ಪ್ರಭಾವದ ಅಂಕಿಗಳು ದಿನದಿನಕ್ಕೂ ಕೂದಲೆಳೆಯಷ್ಟು ಏರುತ್ತಿದ್ದುವು. ಆಸ್ಟ್ರಿಯ ನಮ್ಮ ಹೆಸರಿಗೆ ಮಸಿ ಬಳಿಯಿತು. ಮಿತ್ರ ಅದರ ಸಲಹೆಗಾರರನ್ನು ಆಸ್ಥಾನದಿಂದ ಹೊರಡಿಸಿದ. ಅದು ಮತ್ತೆ ಬಂದಿತು. ಅವನು ರಾಯಭಾರ ಕಚೇರಿಗೇ ಬೀಗ ಹಾಕಿಸಿದ. ಒಂದು ಗುಂಡೂ ಹಾರಲಿಲ್ಲ. ಆದರೂ, ಸೀಮಂತದ ಮನೆಯಲ್ಲಿ ಎರಡು ಕಡೆಯ ಬೀಗರು ನಗುನಗುತ್ತಲೇ ಒಬ್ಬರನ್ನೊಬ್ಬರು ಇರಿಯುವಂತಿದ್ದ ಆ ಹೋರಾಟವನ್ನು ನೋಡಿ ನನಗೆ ನಿದ್ರೆ ಹತ್ತಲಿಲ್ಲ. ಉತ್ತರದ ಸಂಸ್ಥಾನಗಳೆಲ್ಲ ವಲಯದೊಳಗೆ ಬಂದ ಮೇಲೆ, ಒಂದು ನಿರ್ಣಯದ ಗುಂಡಿಯನ್ನೊತ್ತಿದೊಡನೆ ಉತ್ತರ ಜರ್ಮನ್ ಒಕ್ಕೂಟ ಮೈದಳೆಯಿತು.

ಹಾಗಾದರೆ ಯುದ್ಧವೇ ಬೇಡವೆ? ಬೇಕು. ಇತಿಹಾಸದ ಹ್ಯಾನೋವರ್ ಇಷ್ಟು ಮೆತ್ತಗೆ ಬರಲಿಲ್ಲ. ಅದರ ಅಂಧ ದೊರೆ ಐದನೆಯ ಜಾರ್ಜ್ 1866ರಲ್ಲಿ ಸಿಂಹಾಸನವನ್ನೇ ಕಳೆದುಕೊಂಡ. ಆದರೆ ಅದೇ ವರ್ಷ ಜುಲೈ 3ರಂದು ಕೋನಿಗ್‌ಗ್ರೇಟ್ಸಿನಲ್ಲಿ ಆಸ್ಟ್ರಿಯ ಸೋತ ಮೇಲೂ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ತನ್ನ ರಾಜ್ಯಕ್ಕಾಗಿ ಅದರ ನೆಲದಿಂದ ಒಂದು ಜಿಲ್ಲೆಯನ್ನೂ ಕೇಳಲಿಲ್ಲವೆಂಬುದನ್ನು ನಮ್ಮ ಬಣ್ಣ ಬಳಿಯುವ ವೀರರು ನೆನೆಯುವುದುಂಟೆ? ಆಟವೂ ಈ ಸಂಯಮವನ್ನು ಬಯಸುತ್ತದೆ: ಅಪಕೀರ್ತಿಯ ಅಂಕ 25ನ್ನು ಮೀರಿತೆಂದರೆ ಯೂರೋಪು ನಿಮ್ಮನ್ನು ಹದ್ದುಬಸ್ತಿನಲ್ಲಿಡಲು ಎದ್ದು ಬರುವುದು. ಆಸ್ಟ್ರಿಯದ ವಲಯದಿಂದ ಬವೇರಿಯವನ್ನು ಬಿಡಿಸುವಷ್ಟಕ್ಕೆ ಕಾದಾಡಿ, ನೆಲವನ್ನು ಮುಟ್ಟದೆ ಹಿಂದಿರುಗಿದ ಆಟಗಾರನೇ ನನ್ನ ಪಾಲಿಗೆ ಕಲಾವಿದ.

ಇಟಲಿಯ ಸ್ವಾರಸ್ಯ ಬೇರೆ. ಲೊಂಬಾರ್ಡಿ, ವೆನೀಷಿಯಗಳು ಆಸ್ಟ್ರಿಯದ ಸ್ವಂತ ನೆಲವಾದುದರಿಂದ ಅಲ್ಲಿ ಪ್ರಭಾವದ ಜಾಣ್ಮೆ ನಡೆಯದು. 1858ರಲ್ಲಿ ಪ್ಲೊಂಬಿಯೇರಿನಲ್ಲಿ ಸಾರ್ಡಿನಿಯ ರಾಜ್ಯದ ಪ್ರಧಾನಿ ಕವೂರ್ ಮಾಡಿದಂತೆ ಫ್ರಾನ್ಸಿನ ಬೆನ್ನು ಹತ್ತಬೇಕು. ಆಫ್ರಿಕದ ವಸಾಹತುಗಳ ಓಟವನ್ನು ಕುರಿತು ನನಗೆ ಆಸಕ್ತಿಯಿಲ್ಲ. ನೌಕಾದಳದ ವಿಚಾರವನ್ನು ಬಲ್ಲವರಲ್ಲಿ ಕೇಳಿ ತಿಳಿಯಬಹುದು.

ಹೊಸಬರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ನಿರ್ಣಯದ ಗುಂಡಿಯನ್ನೊತ್ತುವ ಮುನ್ನ ಕಾಲದ ವೇಗವನ್ನು ಐದರಿಂದ ಎರಡಕ್ಕಿಳಿಸಿರಿ, ಒತ್ತಿದ ಮೇಲೆ ಭೂಪಟದ ಬಣ್ಣವನ್ನು ನೋಡುತ್ತ ಕೂರದೆ ಸ್ಯಾಕ್ಸನಿಯ ಪುಟವನ್ನು ತೆರೆದು, ನಿನ್ನೆ ಪರರಾಗಿದ್ದ ಕುಶಲಕರ್ಮಿಗಳೂ ಗುಮಾಸ್ತರೂ ಪಾದ್ರಿಗಳೂ ಮುಂದಿನ ಚುನಾವಣೆಯಲ್ಲಿ ಯಾರ ಕಡೆ ವಾಲುತ್ತಿರುವರೆಂಬುದನ್ನು ಓದಿರಿ.