ಜಾರುಬಂಡೆಯ ಬುಡದ ನೆಲ

ಆರ್.ಟಿ. ನಗರದ ಬಡಾವಣೆ ಪಾರ್ಕುಗಳ ಆಟದ ಮೂಲೆ ಈಗ ಮೊದಲಿನಂತಿಲ್ಲ. ಒಂದು ಉಯ್ಯಾಲೆ, ಒಂದು ಕಬ್ಬಿಣದ ಜಾರುಬಂಡೆ ಇದ್ದ ಕಡೆ ಕೆಂಪು-ಹಳದಿ ಪ್ಲಾಸ್ಟಿಕ್ ಗೋಪುರ, ಸುರುಳಿ ಜಾರುಬಂಡೆ, ಹಗ್ಗದ ಏಣಿ ಬಂದಿವೆ. ಗಂಗಾನಗರದ ಕಡೆಯಿರಲಿ, ಸುಲ್ತಾನ್‌ಪಾಳ್ಯದ ಕಡೆಯಿರಲಿ, ಸಂಜೆ ಐದು ದಾಟಿದರೆ ಉಯ್ಯಾಲೆಗೆ ಸರದಿ. ಮಕ್ಕಳಿಗೆ ಬಯಲೇ ಸಿಗದ ಊರಿನಲ್ಲಿ ಇಷ್ಟಾದರೂ ಆಗಿರುವುದು ಸಣ್ಣ ಮಾತಲ್ಲ. ಆದರೆ ಆಟದ ಮೂಲೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಬೇಕಾದರೆ ನಾನು ಮೊದಲು ನೋಡುವುದು ಗೋಪುರದ ಬುಡದ ನೆಲವನ್ನು. ಆ ಲೆಕ್ಕದಲ್ಲಿ ನಮ್ಮ ಪದ್ಧತಿ ಸೋತಿದೆ.

ಬಹಳಷ್ಟು ಕಡೆ ಆ ನೆಲ ಇಂಟರ್‌ಲಾಕ್ ಟೈಲ್ಸ್, ಕಾಂಕ್ರೀಟು ಅಥವಾ ತುಳಿದು ತುಳಿದು ಕಲ್ಲಿನಂತಾದ ಮಣ್ಣು. ಎರಡು ಮೀಟರ್ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗ ಪಡೆದಿರುತ್ತದೆ. ಬೀಳುವಾಗ ಯಾವ ಮಗುವಾದರೂ ಕೈಯೂರುತ್ತದೆ. ಹಾಗೆ ಊರಿದ ಕೈಯಲ್ಲಿ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯುವುದು ಐದರಿಂದ ಏಳು ವರ್ಷದ ಮಕ್ಕಳಲ್ಲಿ ಮೂಳೆ ವೈದ್ಯರು ಪದೇ ಪದೇ ಕಾಣುವ ಪೆಟ್ಟು. ಅದರ ಪಕ್ಕದಲ್ಲೇ ಕೈಗೆ ರಕ್ತ ಒಯ್ಯುವ ನಾಳ ಹಾದುಹೋಗುತ್ತದೆ. ಬಾವು ಬಂದ ಕೈಗೆ ಬಿಗಿಯಾಗಿ ಕಟ್ಟು ಹಾಕಿದರೆ ಬೆರಳುಗಳಿಗೆ ರಕ್ತ ನಿಂತು, ಕೈ ಜೀವನಪೂರ್ತಿ ಮುರುಟಿಹೋಗುವ ಅಪಾಯವಿದೆ. ನಾಟಿ ವೈದ್ಯರ ಪುತ್ತೂರು ಕಟ್ಟಿನ ಮೇಲೆ ನಂಬಿಕೆ ಇಟ್ಟಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವರ ನಂಬಿಕೆಯನ್ನು ಹೀಗಳೆಯುವುದಕ್ಕಲ್ಲ, ಮಗುವಿನ ಮೊಣಕೈ ಬಾತರೆ ಮೊದಲು ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ ಎನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನೆಲದ ವಿಚಾರ ಹೊಸದೂ ಅಲ್ಲ, ಗುಟ್ಟೂ ಅಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸಾರ್ವಜನಿಕ ಆಟದ ಮೈದಾನಗಳ ಕೈಪಿಡಿಯನ್ನು ಮೊದಲು ತಂದದ್ದು 1981ರಲ್ಲಿ. ಸುಮಾರು ನಾಲ್ಕು ಅಡಿ ಎತ್ತರದ ಸಾಧನದ ಕೆಳಗೆ ಒಂಬತ್ತು ಅಂಗುಲ ಮರಳು ಇರಬೇಕು, ಸುತ್ತ ಆರು ಅಡಿ ಜಾಗ ಖಾಲಿ ಬಿಡಬೇಕು, ಒಂದು ಚೌಕಟ್ಟಿಗೆ ಎರಡಕ್ಕಿಂತ ಹೆಚ್ಚು ಉಯ್ಯಾಲೆ ತೂಗಹಾಕಬಾರದು, ಉಯ್ಯಾಲೆಯ ಹಲಗೆ ಮರದ್ದೋ ಲೋಹದ್ದೋ ಆಗಿರಬಾರದು ಎಂದು ಅದು ಬಿಡಿಸಿ ಹೇಳುತ್ತದೆ. ಸರಳುಗಳ ನಡುವಿನ ಸಂದು ಮೂರೂವರೆಯಿಂದ ಒಂಬತ್ತು ಅಂಗುಲದೊಳಗೆ ಇರಕೂಡದು, ಏಕೆಂದರೆ ಮಗುವಿನ ಮೈ ತೂರುವ ಆ ಸಂದಿನಲ್ಲಿ ತಲೆ ಸಿಕ್ಕಿಕೊಳ್ಳಬಹುದು. ಯುರೋಪಿನಲ್ಲಿ ಸಾಧನಕ್ಕೆ ಒಂದು ಮಾನದಂಡ, ಅದರ ಕೆಳಗಿನ ನೆಲಕ್ಕೇ ಇನ್ನೊಂದು. ತಲೆಯಾಕಾರದ ಗುಂಡನ್ನು ಮೇಲಿಂದ ಬಿಟ್ಟು, ಪೆಟ್ಟು ಎಷ್ಟು ಬಲವಾಗಿ ತಾಗಿತೆಂದು ಅಲ್ಲಿ ನೆಲವನ್ನು ಪರೀಕ್ಷಿಸುತ್ತಾರೆ.

ನಮ್ಮಲ್ಲೂ ಕಾನೂನು ಅರ್ಧ ದಾರಿ ನಡೆದಿದೆ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ, ಮನೆಯಂಗಳದಲ್ಲಿ ಇಡುವ ಪುಟ್ಟ ಜಾರುಬಂಡೆಗೂ ಐಎಸ್‌ಐ ಗುರುತು ಬೇಕು. ಅದಕ್ಕೆ ಅನ್ವಯಿಸುವ ಐಎಸ್ 9873ರ ನಾಲ್ಕನೇ ಭಾಗ ಮನೆಬಳಕೆಯ ಉಯ್ಯಾಲೆ, ಜಾರುಬಂಡೆಗಳ ಬಗೆಗಿನದು. ಸಾರ್ವಜನಿಕ ಮೈದಾನದ ಸಾಧನಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಒಂದು ಮಗು ಆಡುವ ಆಟಿಕೆ ಪರೀಕ್ಷೆಗೆ ಒಳಪಡುತ್ತದೆ, ದಿನಕ್ಕೆ ನೂರು ಮಕ್ಕಳು ಹತ್ತುವ ಏಣಿ ಟೆಂಡರಿನ ಷರತ್ತಿಗೆ ಬಿಟ್ಟದ್ದಾಗಿದೆ. ಕರ್ನಾಟಕದ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ 1985ರದು. ಜಾಗ ಒತ್ತುವರಿಯಾಗದಂತೆ, ಬೇರೆ ಬಳಕೆಗೆ ಹೋಗದಂತೆ ಕಾಯಲು ಅದು ಹುಟ್ಟಿತು, ಅದರಿಂದ ಉಪಕಾರವೂ ಆಗಿದೆ. ಉಳಿಸಿಕೊಂಡ ಜಾಗದಲ್ಲಿ ಮಗು ಹೇಗೆ ಕ್ಷೇಮವಾಗಿ ಆಡಬೇಕೆಂಬುದು ಇನ್ನೊಂದು ಪ್ರಶ್ನೆ.

ಆ ಪ್ರಶ್ನೆಗೆ ನಾವು ಸದ್ಯಕ್ಕೆ ಕೊಟ್ಟಿರುವ ಉತ್ತರ ಫಲಕಗಳು. ಚೆಂಡಾಟ ಆಡಬಾರದು, ಸೈಕಲ್ ತರಬಾರದು, ಮಕ್ಕಳ ಹೊಣೆ ಪೋಷಕರದ್ದು. ಇದು ಸುರಕ್ಷತೆಯ ವೇಷ ಹಾಕಿದ ಕೈತೊಳೆತ. ಪಾರ್ಕಿನಿಂದ ಓಡಿಸಿದ ಹುಡುಗರು ಆಟ ಬಿಡುವುದಿಲ್ಲ, ನಿಂತ ಕಾರುಗಳ ನಡುವೆ ವಿಕೆಟ್ ನೆಡುತ್ತಾರೆ, ತಾರಸಿ ಹತ್ತಿ ಗಾಳಿಪಟ ಬಿಡುತ್ತಾರೆ. ಈಚಿನ ವರ್ಷಗಳಲ್ಲಿ ಒಂದು ಸಂಕ್ರಾಂತಿಯ ಹೊತ್ತಿಗೆ ನಮ್ಮ ಆರ್.ಟಿ. ನಗರದಲ್ಲೇ ಗಾಳಿಪಟದ ಹಿಂದೆ ಹೋದ ಹುಡುಗನೊಬ್ಬ ಹೈಟೆನ್ಷನ್ ತಂತಿಗೆ ಬಲಿಯಾದ. ಇಲ್ಲಿನ ಎಚ್‌ಎಂಟಿ ಮೈದಾನದಂಥ ಬಯಲು ಬಡಾವಣೆಗೆ ಎಷ್ಟು ಮುಖ್ಯ ಎಂಬುದು ಇಂಥ ಸುದ್ದಿ ಓದಿದಾಗ ತಿಳಿಯುತ್ತದೆ. ಬಯಲು ಕಿರಿದಾದಷ್ಟೂ ಆಟ ತಂತಿಯ ಹತ್ತಿರ, ಚಕ್ರದ ಹತ್ತಿರ ಸರಿಯುತ್ತದೆ.

ಹಾಗಾದರೆ ಎತ್ತರವನ್ನೇ ತೆಗೆದುಬಿಡಬೇಕೆ? ಬೇಡ. ಮಕ್ಕಳು ಹತ್ತಬೇಕು, ಜೋತಾಡಬೇಕು, ಒಮ್ಮೊಮ್ಮೆ ಮಂಡಿ ತರಚಿಕೊಳ್ಳಬೇಕು. ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ತನ್ನ ನಿಲುವನ್ನು ಪ್ರಕಟಿಸುತ್ತ, ಹೊರಾಂಗಣದ ಸಾಹಸದ ಆಟ ಬೆಳವಣಿಗೆಗೆ ಬೇಕೆಂದೇ ಹೇಳಿತು. ಮಗು ತಾನೇ ಕಂಡು, ಅಳೆದು, ಹೆದರಿ, ದಾಟುವ ಅಪಾಯ ಬೇರೆ. ಅದರ ಕಣ್ಣಿಗೇ ಬೀಳದ ಅಪಾಯ ಬೇರೆ. ಏಣಿ ಎಷ್ಟು ಎತ್ತರವೆಂದು ಆರು ವರ್ಷದ ಮಗುವಿಗೆ ಗೊತ್ತಾಗುತ್ತದೆ. ಏಣಿಯ ವೆಲ್ಡಿಂಗ್ ಒಳಗೊಳಗೇ ತುಕ್ಕು ಹಿಡಿದಿರುವುದು ಗೊತ್ತಾಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದ ಪಾಲಿಕೆ ಮೈದಾನದ ಕಬ್ಬಿಣದ ಗೇಟು ಕಳಚಿ ಬಿದ್ದು ಆಡಲು ಹೋದ ಬಾಲಕ ಸತ್ತ. ಅವನು ಯಾವ ಸಾಹಸಕ್ಕೂ ಇಳಿದಿರಲಿಲ್ಲ, ಮೈದಾನದ ಬಾಗಿಲು ದಾಟುತ್ತಿದ್ದ. ಇಂಥದ್ದನ್ನು ಹಣೆಬರಹ ಎನ್ನುವವರ ಮಾತು ನನಗೆ ಸಹಿಸಲಾಗದು. ಗೇಟಿನ ತಿರುಗಣಿ ಸಡಿಲವಾಗಿದೆಯೇ ಎಂದು ನೋಡುವುದಕ್ಕೆ ವಿಜ್ಞಾನಿ ಬೇಕಿಲ್ಲ, ಬರೀ ವಾರಕ್ಕೊಮ್ಮೆ ಬರುವ ಮನುಷ್ಯ ಬೇಕು. ಪೆಟ್ಟುಗಳನ್ನು ತಡೆಯಬಹುದು, ಗೊತ್ತಿರುವುದನ್ನು ಜಾರಿಗೆ ತರುವುದೇ ಉಳಿದಿರುವ ಕೆಲಸ ಎಂದು ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರ ಮಕ್ಕಳ ಸುರಕ್ಷತೆಯ ವರದಿ 2013ರಲ್ಲೇ ಒತ್ತಿ ಹೇಳಿತ್ತು.

ಓಪನ್ ಜಿಮ್ಮಿನ ಬಗ್ಗೆಯೂ ಹೇಳಲೇಬೇಕು. ಹಲವು ಪಾರ್ಕುಗಳಲ್ಲಿ ಅದನ್ನು ಮಕ್ಕಳ ಮೂಲೆಗೆ ಅಂಟಿಸಿಯೇ ಇಟ್ಟಿರುತ್ತಾರೆ. ಯುರೋಪಿನ ಮಾನದಂಡದ ಪ್ರಕಾರ ಈ ಸಲಕರಣೆಗಳು 1.4 ಮೀಟರಿಗಿಂತ ಎತ್ತರ ಇರುವವರಿಗೆ ಮಾಡಿದವು. ಅವುಗಳ ತೂಗಾಡುವ ಕೀಲುಗಳಲ್ಲಿ ಸಣ್ಣ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ. ನಡುವೆ ಒಂದು ಬೇಲಿ, ಒಂದು ಹೂವಿನ ಸಾಲು ಹಾಕಿದರೂ ಸಾಕಿತ್ತು.

ದೊಡ್ಡವರ ಒಂದು ಅಭ್ಯಾಸವೂ ಕೆಟ್ಟದ್ದು, ಅದೂ ಪ್ರೀತಿಯಿಂದ ಮಾಡುವಂಥದ್ದು. ಕೂಸು ಹೆದರೀತೆಂದು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು. ಮಗು ಒಂದೇ ಜಾರುವಾಗ ಕಾಲು ಅಂಚಿಗೆ ಸಿಕ್ಕರೆ ಅದು ಅಲ್ಲೇ ನಿಲ್ಲುತ್ತದೆ. ಹಿಂದೆ ಅರವತ್ತು ಕಿಲೋ ಭಾರ ಇದ್ದರೆ ಕಾಲು ನಿಂತರೂ ಮೈ ಮುಂದೆ ಹೋಗುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ತಿರುಚಿ ಮುರಿಯುತ್ತದೆ. ಒಂಟಿಯಾಗಿ ಜಾರಲಾಗದ ಮಗುವಿಗೆ ಆ ಜಾರುಬಂಡೆಯ ವಯಸ್ಸು ಇನ್ನೂ ಬಂದಿಲ್ಲ, ಅಷ್ಟೆ. ಉಯ್ಯಾಲೆ ಹತ್ತುವ ಮಗುವಿನ ಕೊರಳಲ್ಲಿ ದುಪಟ್ಟಾ, ದಾರ ಇರದಂತೆ ನೋಡುವುದೂ ನಮ್ಮದೇ ಕೆಲಸ.

ಮರಳು ಹಾಕಿದರೆ ಬೆಕ್ಕು ನಾಯಿ ಗಲೀಜು ಮಾಡುತ್ತವೆ ಎಂಬ ಆಕ್ಷೇಪ ಕೇಳಿದ್ದೇನೆ. ನಿಜ. ಉಯ್ಯಾಲೆಯ ಕೆಳಗಿನ ಮರಳನ್ನು ಮಕ್ಕಳು ಕಾಲಿನಿಂದ ಒದ್ದು ಕೆಲವೇ ದಿನಗಳಲ್ಲಿ ಗುಂಡಿ ಮಾಡುವುದೂ ನಿಜ. ಹರವಬೇಕು, ಸೋಸಬೇಕು, ಮತ್ತೆ ತುಂಬಬೇಕು. ರಬ್ಬರ್ ಹಾಸಿಗೆ ಈ ಕಷ್ಟ ಕಡಿಮೆ, ಖರ್ಚು ಹೆಚ್ಚು, ಮತ್ತು ಸಾಧನದ ಎತ್ತರಕ್ಕೆ ತಕ್ಕ ದಪ್ಪ ಇರದಿದ್ದರೆ ಅದು ಬರೀ ಬಣ್ಣ. ಎರಡರಲ್ಲಿ ಯಾವುದನ್ನು ಆರಿಸಿದರೂ ನಿರ್ವಹಣೆಗೆ ಹಣ ಎತ್ತಿಡಬೇಕು. ನಮ್ಮ ಪದ್ಧತಿಯ ಮುಖ್ಯ ದೋಷ ಇಲ್ಲೇ ಇದೆ. ಹೊಸ ಸಾಧನ ಉದ್ಘಾಟಿಸಲು ಹಣವಿದೆ, ಸವೆದ ಸರಪಳಿ ಬದಲಿಸಲು ಇಲ್ಲ.

ಬೆಂಗಳೂರಿಗೆ ಈಗ ಐದು ಪಾಲಿಕೆಗಳಾಗಿವೆ, ಹೊಸ ಕಡತಗಳು ತೆರೆಯುತ್ತಿವೆ. ಆರ್.ಟಿ. ನಗರದ ನಿವಾಸಿ ಸಂಘಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಅನುದಾನ ಬಂದಾಗ ಇನ್ನೊಂದು ಜಾರುಬಂಡೆ ಕೇಳಬೇಡಿ. ಇರುವ ಜಾರುಬಂಡೆಯ ಕೆಳಗಿನ ಟೈಲ್ಸ್ ತೆಗೆಸಿ ಮರಳು ತುಂಬಿಸಿ, ಗೇಟು, ಸರಪಳಿ, ಬೋಲ್ಟುಗಳನ್ನು ಪ್ರತಿ ವಾರ ನೋಡಿದವರ ಹೆಸರು ಮತ್ತು ತಾರೀಖು ಬರೆಯುವ ಹಲಗೆಯೊಂದನ್ನು ಪಾರ್ಕಿನ ಬಾಗಿಲಿಗೆ ಹಾಕಿಸಿ.