ಆಮುಕ್ತಮಾಲ್ಯದದ ರಾಜನೀತಿ: ವಿವೇಕದ ಒಂದು ವಿಮರ್ಶೆ

ವಿಜಯನಗರದ ಶ್ರೀಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದವು ವಿಷ್ಣುಚಿತ್ತ ಮತ್ತು ಗೋದಾದೇವಿಯರ ಕಥೆಯನ್ನೊಳಗೊಂಡ ಭಕ್ತಿಕಾವ್ಯವೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಆದರೆ ಇತಿಹಾಸದ ಅಧ್ಯಾಪಕರು ಈ ಕಾವ್ಯದ ಕಡೆಗೆ ತಿರುಗುವುದು ಬಹುಮಟ್ಟಿಗೆ ಅದರ ನಾಲ್ಕನೆಯ ಆಶ್ವಾಸದಲ್ಲಿ ಬರುವ ರಾಜನೀತಿಯ ಪದ್ಯಗಳಿಗಾಗಿ. ಈ ಪದ್ಯಗಳ ಸಾರವನ್ನು ಕ್ರಮವಾಗಿ ಪಟ್ಟಿಮಾಡಿ, ಇದೇ ವಿಜಯನಗರದ ಆಡಳಿತವಾಗಿತ್ತೆಂದು ಬರೆಯುವ ರೂಢಿ ನಮ್ಮ ತರಗತಿಗಳಲ್ಲಿ ಬೇರೂರಿದೆ. ಈ ರೂಢಿಯನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನೀತಿಯನ್ನು ಬಲ್ಲವನು ವಿವೇಕಿಯೂ ಆಗಿರುತ್ತಾನೆಯೇ ಎಂಬ ಹಳೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಏಕೆಂದರೆ ಇಲ್ಲಿ ನೀತಿಯನ್ನು ಬರೆದವನೂ ರಾಜ್ಯವನ್ನು ಆಳಿದವನೂ ಒಬ್ಬನೇ.

ಮೊದಲು ಗ್ರಂಥವನ್ನು ನೋಡೋಣ. ಅರಸನು ಆದಾಯವನ್ನು ನಾಲ್ಕು ಪಾಲು ಮಾಡಿ, ಒಂದನ್ನು ದಾನಕ್ಕೂ ಭೋಗಕ್ಕೂ, ಎರಡನ್ನು ಸೈನ್ಯಕ್ಕೂ, ಉಳಿದೊಂದನ್ನು ಬೊಕ್ಕಸಕ್ಕೂ ಇಡಬೇಕೆಂದು ಕವಿ ಹೇಳುತ್ತಾನೆ. ನಾಡು ಚಿಕ್ಕದಾದರೂ ಕೆರೆ ಕಾಲುವೆಗಳನ್ನು ತೋಡಿಸಿ, ಬಡ ರೈತನಿಗೆ ಕಡಮೆ ತೆರಿಗೆಯಲ್ಲಿ ಭೂಮಿ ಕೊಟ್ಟರೆ ಧರ್ಮವೂ ಅರ್ಥವೂ ಒಟ್ಟಿಗೆ ಬೆಳೆಯುವುವೆನ್ನುತ್ತಾನೆ. ದೂರದೇಶಗಳಿಂದ ಆನೆ ಕುದುರೆಗಳನ್ನು ತರುವ ವರ್ತಕರಿಗೆ ಊರು, ವಸತಿ, ದರ್ಶನ ಮತ್ತು ತಕ್ಕ ಲಾಭಗಳನ್ನು ಕೊಟ್ಟು ಒಲಿಸಿಕೊಳ್ಳಬೇಕು, ಇಲ್ಲವಾದರೆ ಆ ಸರಕು ಶತ್ರುವಿನ ಪಾಲಾಗುವುದು ಎಂದು ಎಚ್ಚರಿಸುತ್ತಾನೆ. ಮಂತ್ರಿಯಾಗತಕ್ಕವನು ವಿದ್ವಾಂಸನೂ ಅಧರ್ಮಕ್ಕೆ ಅಂಜುವವನೂ ಐವತ್ತರಿಂದ ಎಪ್ಪತ್ತರೊಳಗಿನ ವಯಸ್ಸಿನವನೂ ಆಗಿರಬೇಕು; ಪದವಿಯನ್ನು ತಾನಾಗಿ ಬಯಸದೆ ಅರಸನ ಪ್ರಾರ್ಥನೆಯ ಮೇಲೆ ಒಪ್ಪಿಕೊಳ್ಳುವವನಾಗಿರಬೇಕು. ಮರಣದಂಡನೆಗೆ ಗುರಿಯಾದವನಿಗೂ ಮೂರು ಬಾರಿ ಮೊರೆಯಿಡುವ ಅವಕಾಶವಿರಬೇಕು. ಯಾರು ತಪ್ಪಿಸಿಕೊಂಡರೆ ರಾಜ್ಯಕ್ಕೇ ಅಪಾಯವೋ ಅಂಥವರಿಗೆ ಮಾತ್ರ ಈ ವಿಳಂಬ ಸಲ್ಲದು.

ಇವು ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದ ಸವಕಲು ಮಾತುಗಳಲ್ಲ. ಶಾಸ್ತ್ರಗಳ ನೆರಳು ಇವುಗಳ ಮೇಲೆ ಇದೆಯೆಂಬುದು ನಿಜ. ಆದರೆ ಕುದುರೆಯ ವ್ಯಾಪಾರವನ್ನು ಕುರಿತ ಮಾತನ್ನು, 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲಿನ ಸನ್ನಿವೇಶವನ್ನು ಕಣ್ಣಾರೆ ಕಂಡ ಅರಸನಲ್ಲದೆ ಬೇರೆ ಯಾರೂ ಅಷ್ಟು ಖಚಿತವಾಗಿ ಆಡಲಾರರು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜನು ಬರೆದಿದ್ದಾನೆ. ಕೆರೆಯ ವಿಷಯವೂ ಹಾಗೆಯೇ. ರಾಜಧಾನಿಯ ಬಳಿ ಹದಿನೈದು ಇಪ್ಪತ್ತು ಸಾವಿರ ಜನರು ದೊಡ್ಡ ಕೆರೆಯೊಂದರ ಕೆಲಸದಲ್ಲಿ ತೊಡಗಿದ್ದುದನ್ನು ಪಾಯೆಸನು ಕಂಡನು. ಆ ನೀರಿನಿಂದ ಸಾಗುವಳಿಯಾದ ಭೂಮಿಯನ್ನು ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಡಲಾಯಿತೆಂದು ನ್ಯೂನಿಜನು ತಿಳಿಸುತ್ತಾನೆ. ಇಲ್ಲಿ ನೀತಿಯೂ ನಡೆಯೂ ಒಂದಾಗಿವೆ. ಯುದ್ಧನೀತಿಯಲ್ಲಿಯೂ ಇಂಥ ಒಂದು ಪ್ರಸಂಗವಿದೆ. 1514ರಲ್ಲಿ ಉದಯಗಿರಿಯನ್ನೂ 1515ರಲ್ಲಿ ಕೊಂಡವೀಡನ್ನೂ ಗೆದ್ದು ಕಳಿಂಗದವರೆಗೆ ನುಗ್ಗಿದ ಅರಸನು, ಕೊನೆಗೆ ಪ್ರತಾಪರುದ್ರ ಗಜಪತಿಯ ಮಗಳನ್ನು ಮದುವೆಯಾಗಿ, ಕೃಷ್ಣಾ ನದಿಯ ಉತ್ತರದ ಪ್ರದೇಶಗಳನ್ನು ಅವನಿಗೇ ಹಿಂದಿರುಗಿಸಿದನು. ಗೆದ್ದುದನ್ನೆಲ್ಲ ಇಟ್ಟುಕೊಳ್ಳಲಾಗದೆಂದು ಗೆದ್ದ ಗಳಿಗೆಯಲ್ಲಿಯೇ ಅರಿಯುವುದು ಸಾಮಾನ್ಯವಾದ ವಿವೇಕವಲ್ಲ.

ಆದರೆ ಇದೇ ಅರಸನ ಆಳ್ವಿಕೆಯಲ್ಲಿ ಇನ್ನೆರಡು ಪ್ರಸಂಗಗಳಿವೆ. 1520ರ ರಾಯಚೂರಿನ ಯುದ್ಧದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನು ಸೋತು ಸಂಧಿಗಾಗಿ ದೂತನನ್ನು ಕಳುಹಿಸಿದಾಗ, ಶಾಹನು ತಾನೇ ಬಂದು ತನ್ನ ಪಾದವನ್ನು ಮುದ್ದಿಡಬೇಕೆಂದು ಕೃಷ್ಣದೇವರಾಯನು ಕೇಳಿದನೆಂದು ನ್ಯೂನಿಜನ ಹೇಳಿಕೆ. ಅದಕ್ಕಾಗಿ ಅರಸನು ಮುದುಗಲ್ಲಿನವರೆಗೂ ಹೋದನು, ಶಾಹನು ಬರಲಿಲ್ಲ. ದಂಡು ಬಿಜಾಪುರಕ್ಕೆ ನಡೆದು ನಗರ ಹಾಳಾಯಿತು. ಗಜಪತಿಯೊಡನೆ ಸಂಧಿ ಸಾಧ್ಯವಾದುದು ಅವನ ಮಾನವನ್ನು ಉಳಿಸಿದ್ದರಿಂದ. ಇಲ್ಲಿ ಅದು ಅಸಾಧ್ಯವಾದುದು ಮಾನವನ್ನೇ ಬೆಲೆಯಾಗಿ ಕೇಳಿದ್ದರಿಂದ. ಇದರಿಂದಲೇ 1565ರ ಅನಾಹುತ ಹುಟ್ಟಿತೆಂದು ನಾವು ಹೇಳುವುದಿಲ್ಲ. ನಲವತ್ತೈದು ವರ್ಷಗಳ ನಡುವೆ ಬೇರೆ ಕಾರಣಗಳು ಎಷ್ಟೋ ಕೂಡಿಕೊಂಡವು. ಆದರೆ ಅಳಿಯ ರಾಮರಾಯನ ಅಹಂಕಾರವನ್ನು ಕಟುವಾಗಿ ಖಂಡಿಸುವ ನಮ್ಮ ಚರಿತ್ರಕಾರರು, ಈ ಪ್ರಸಂಗವನ್ನು ಪರಾಕ್ರಮದ ಲೆಕ್ಕಕ್ಕೆ ಜಮಾ ಮಾಡುವುದು ಸಮದೃಷ್ಟಿಯಲ್ಲವೆಂದು ಮಾತ್ರ ಹೇಳಬೇಕಾಗಿದೆ. ಗೆದ್ದವನ ಅವಿವೇಕವು ಅವಿವೇಕವಲ್ಲವೇ?

ಎರಡನೆಯದು ಇನ್ನೂ ದಾರುಣವಾದುದು. ಅರಸನು ತನ್ನ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದನು. ಬಾಲಕನು ಬೇಗನೆ ತೀರಿಕೊಂಡನು. ಮಹಾಮಂತ್ರಿ ಸಾಳುವ ತಿಮ್ಮರಸನ ಮಗನು ವಿಷವಿಕ್ಕಿದನೆಂಬ ಮಾತು ಅರಸನ ಕಿವಿಗೆ ಬಿತ್ತು. ತಿಮ್ಮರಸನನ್ನೂ ಅವನ ಕುಟುಂಬದವರನ್ನೂ ಸೆರೆಯಲ್ಲಿಡಲಾಯಿತು. ಮಗನು ತಪ್ಪಿಸಿಕೊಂಡು ದಂಗೆಯೆದ್ದು ಸೋತ ಮೇಲೆ ಅವರ ಕಣ್ಣುಗಳನ್ನು ಕೀಳಿಸಲಾಯಿತು. ಇದೇ ನ್ಯೂನಿಜನು ಹಿಂದೆ ಇನ್ನೊಂದು ಕಥೆಯನ್ನೂ ಹೇಳಿದ್ದಾನೆ: ಯುವಕನಾದ ಕೃಷ್ಣರಾಯನ ಕಣ್ಣು ಕೀಳಿಸಬೇಕೆಂದು ವೀರನರಸಿಂಹನು ಆಜ್ಞಾಪಿಸಿದಾಗ, ಆಡಿನ ಕಣ್ಣುಗಳನ್ನು ತೋರಿಸಿ ಅವನನ್ನು ಉಳಿಸಿದವನು ಈ ತಿಮ್ಮರಸನೇ. ಈ ವೃತ್ತಾಂತವನ್ನು ಬರೆದವನು ಪರದೇಶದ ವರ್ತಕ, ಬರೆದದ್ದು ಸುಮಾರು ಹತ್ತು ವರ್ಷಗಳ ತರುವಾಯ. ಆಡಿನ ಕಣ್ಣಿನ ಕಥೆಯಲ್ಲಿ ಜನರ ಬಾಯಿಮಾತಿನ ಬಣ್ಣ ಸ್ಪಷ್ಟವಾಗಿದೆ. ಆದರೂ ಕೆರೆಯ ವಿಷಯದಲ್ಲಿ, ಕುದುರೆಯ ವಿಷಯದಲ್ಲಿ ಅವನ ಮಾತನ್ನು ಮರುಮಾತಿಲ್ಲದೆ ಸ್ವೀಕರಿಸುವ ನಾವು, ತಿಮ್ಮರಸನ ವಿಷಯಕ್ಕೆ ಬಂದಾಗ ಮಾತ್ರ ಅವನನ್ನು ಸುಳ್ಳುಗಾರನನ್ನಾಗಿ ಮಾಡುವುದು ನ್ಯಾಯವಲ್ಲ. ಅವನ ಕಥನದಲ್ಲಿ ಶೋಕವಿದೆ, ಶಂಕೆಯಿದೆ, ಶಿಕ್ಷೆಯಿದೆ. ಮೂರು ಬಾರಿಯ ಮೊರೆ ಮಾತ್ರ ಇಲ್ಲ.

ಹಾಗಾದರೆ ಗ್ರಂಥದ ನೀತಿ ಹುಸಿಯೇ? ನಮಗೆ ಹಾಗೆ ತೋರುವುದಿಲ್ಲ. ಕಾವ್ಯದಲ್ಲಿ ಈ ಉಪದೇಶವನ್ನು ಮಾಡುವವನಾರೆಂಬುದನ್ನು ಗಮನಿಸಬೇಕು. ಯಾಮುನಾಚಾರ್ಯನು ರಾಜ್ಯವನ್ನು ತೊರೆದು ಹೊರಡುವಾಗ ಮಗನಿಗೆ ಹೇಳುವ ಮಾತುಗಳಿವು. ಸಿಂಹಾಸನದಿಂದ ಇಳಿದವನ ಬಾಯಲ್ಲಿ ಸಿಂಹಾಸನದ ನೀತಿಯನ್ನು ಇಟ್ಟಿರುವುದು ಕೇವಲ ಕಥಾಸೌಕರ್ಯಕ್ಕೆಂದು ತೋರುವುದಿಲ್ಲ. ತನ್ನದೆಂಬುದನ್ನು ಬಿಟ್ಟವನಿಗೆ ಮಾತ್ರ ಕಾಣುವ ಸತ್ಯಗಳಿವೆಯೆಂದು ಕವಿಯಾದ ಅರಸನಿಗೆ ಗೊತ್ತಿತ್ತು. ಅರಸನಾದ ಕವಿಗೆ ಅದು ಎಲ್ಲ ಹೊತ್ತಿನಲ್ಲಿಯೂ ನಿಲುಕಲಿಲ್ಲ. ಕೆರೆ, ಕುದುರೆ, ಬೊಕ್ಕಸಗಳಲ್ಲಿ ಅವನ ದೂರದೃಷ್ಟಿ ತಪ್ಪಲಿಲ್ಲ. ತನ್ನ ಮಾನ, ತನ್ನ ಮಗ ಎಂಬಲ್ಲಿ ಅದು ತಪ್ಪಿತು.

ಆದುದರಿಂದ ನಾಯಕನ ವಿವೇಕವನ್ನು ಅವನ ಜ್ಞಾನದಿಂದ ಅಳೆಯದೆ, ಕೋಪ ಶೋಕಗಳು ಕವಿದಾಗ ಅವನನ್ನು ತಡೆಯತಕ್ಕ ವ್ಯವಸ್ಥೆಯೇನಿತ್ತು ಎಂಬುದರಿಂದ ಅಳೆಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಆಮುಕ್ತಮಾಲ್ಯದವು ಒಳ್ಳೆಯ ಮಂತ್ರಿಯನ್ನು ವರ್ಣಿಸುತ್ತದೆ. ಆ ಮಂತ್ರಿಯನ್ನು ಅರಸನಿಂದ ರಕ್ಷಿಸುವ ದಾರಿಯನ್ನು ಹೇಳುವುದಿಲ್ಲ. ಗ್ರಂಥದ ನಿಜವಾದ ಕೊರತೆ ಇದು. 1529ರಲ್ಲಿ ಅರಸನು ತೀರಿಕೊಂಡಾಗ, ಅಚ್ಯುತರಾಯನ ಪಕ್ಷಕ್ಕೂ ರಾಮರಾಯನ ಪಕ್ಷಕ್ಕೂ ತಿಕ್ಕಾಟ ಹುಟ್ಟಿತು. ಇಬ್ಬರ ನಡುವೆ ನಿಂತು ಬುದ್ಧಿಹೇಳಬಲ್ಲ ತಿಮ್ಮರಸನು ಅಧಿಕಾರದಲ್ಲಿರಲಿಲ್ಲ.

ವಿದ್ಯಾರ್ಥಿಗಳು ಈ ಪದ್ಯಗಳನ್ನು ಓದಬೇಕು. ಆದರೆ ಆಡಳಿತದ ವರದಿಯೆಂದು ಓದಬಾರದು. ಒಬ್ಬ ದೊಡ್ಡ ಅರಸನು ತನಗೆ ತಾನೇ ವಿಧಿಸಿಕೊಂಡ ಕಟ್ಟಳೆಯೆಂದು ಓದಿ, ಅವನು ಎಲ್ಲಿ ಅದನ್ನು ನಡೆಸಿದನು, ಎಲ್ಲಿ ಮುರಿದನು ಎಂದು ಪಕ್ಕದಲ್ಲಿ ಗುರುತು ಹಾಕುತ್ತ ಹೋಗಬೇಕು. ಹಾಗೆ ಓದಿದರೆ ಅರಸನ ಮೇಲಿನ ಗೌರವ ಕುಂದುವುದಿಲ್ಲ. ವಿವೇಕವೆಂಬುದು ಎಷ್ಟು ದುಬಾರಿಯ ವಸ್ತುವೆಂಬ ಅರಿವು ಮಾತ್ರ ಹೆಚ್ಚುತ್ತದೆ.